ನಿಮ್ಮ ಏರ್ ರೈಫಲ್‌ಗೆ ಒಪ್ಪುವ ಪೆಲೆಟ್ ಹುಡುಕುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ಆಳಂದದ ಕಡೆಯಿಂದ ಒಬ್ಬ ಹುಡುಗ ತಂದೆಯ ಜೊತೆ ಕಲಬುರಗಿಗೆ, ಶೂಟಿಂಗ್ ಕಲಿಸುವ ನನ್ನ ಹತ್ತಿರ ಬಂದಿದ್ದ. ಹೆಗಲ ಮೇಲೆ ಹೊಸ ಏರ್ ರೈಫಲ್, ಚೀಲದಲ್ಲಿ ನಾಲ್ಕು ಥರದ ಪೆಲೆಟ್, ಅಂದರೆ ಸಣ್ಣ ಸೀಸದ ಗುಂಡಿನ ಡಬ್ಬಿ. ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ತಂದೆ ಕೇಳಿದರು, "ಸರ್, ಇದ್ರಾಗ ಯಾವ್ದು ಛಲೋ ಅದ ಹೇಳ್ರಿ, ಮುಂದ ಅದನ್ನೇ ತರಸ್ತೀವಿ."

"ಅದನ್ನ ನಾ ಹೇಳ್ಲಿಕ್ಕ ಬರಲ್ರಿ. ಇವನ ಬಂದೂಕಿಗೇ ಕೇಳಬೇಕು" ಅಂದೆ.

ಅವರಿಗೆ ಸ್ವಲ್ಪ ಬೇಸರ ಆಯಿತು ಅಂತ ಕಾಣುತ್ತದೆ. ಆದರೆ ನಿಜವಾದ ಉತ್ತರ ಅದೇ. ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎರಡು ರೈಫಲ್ ತಗೊಳ್ಳಿ. ಒಂದಕ್ಕೆ ಹಿಡಿಸಿದ ಪೆಲೆಟ್ ಇನ್ನೊಂದಕ್ಕೆ ಹಿಡಿಸದೇ ಇರಬಹುದು. ನಳಿಕೆಯ ಒಳಗಿನ ಅಳತೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ, ಪೆಲೆಟ್ಟಿನ ಅಳತೆಯೂ ಹಾಗೇ. ಎರಡೂ ಎಲ್ಲಿ ಕೂಡಿಬರುತ್ತವೆ ಅನ್ನುವುದನ್ನು ಹೊಡೆದು ನೋಡಿಯೇ ತಿಳಿಯಬೇಕು. ಹೊಡೆದು ನೋಡುವುದಕ್ಕೂ ಒಂದು ಕ್ರಮ ಇದೆ. ಆ ಕ್ರಮ ಗೊತ್ತಿಲ್ಲದೆ ದುಡ್ಡು, ಸಮಯ ಎರಡನ್ನೂ ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಸಿಡಿಮದ್ದಿನ ವಿಷಯ ಮೊದಲೇ ಹೇಳಿಬಿಡುತ್ತೇನೆ

ಕೆಲವು ದೇಶಗಳಲ್ಲಿ ರೈಫಲ್ ಗುಂಡುಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಪದ್ಧತಿ ಇದೆ. ಗುರಿ ಚೆನ್ನಾಗಿ ಬರಲಿ ಅಂತ ಅವರು ಬೇರೆ ಬೇರೆ ಮದ್ದು ತಂದು, ಯಾವುದು ತಮ್ಮ ನಳಿಕೆಗೆ ಒಗ್ಗುತ್ತದೆ ಅಂತ ತಿಂಗಳುಗಟ್ಟಲೆ ಪರೀಕ್ಷೆ ಮಾಡುತ್ತಾರೆ. ಇಂಟರ್‌ನೆಟ್‌ನಲ್ಲಿ ಅದನ್ನು ನೋಡಿ ನಮ್ಮ ಹುಡುಗರೂ ಕೇಳುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲಿ ಮದ್ದು ಇಟ್ಟುಕೊಳ್ಳುವ ಆಟ ಬೇಡವೇ ಬೇಡ. ಬೀದರ್‌ಗೆ ಹೋದಾಗ ಮಹಮೂದ್ ಗವಾನ್ ಮದರಸಾದ ಮುಂದೆ ಐದು ನಿಮಿಷ ನಿಂತು ನೋಡಿ. 1472ರ ಆ ಕಟ್ಟಡದ ಒಂದು ಮಿನಾರು ಇನ್ನೂ ನಿಂತಿದೆ, ಇನ್ನೊಂದು ಇಲ್ಲ. ಔರಂಗಜೇಬನ ಕಾಲದಲ್ಲಿ ಅಲ್ಲಿ ಮದ್ದು ಸಿಡಿದು ಮುಂಭಾಗ ಹಾರಿಹೋಯಿತು. ಅಷ್ಟು ದಪ್ಪ ಕಲ್ಲಿನ ಗೋಡೆಯೇ ತಡೆಯಲಿಲ್ಲ ಅಂದರೆ ನಮ್ಮ ಮನೆಯ ಕೋಣೆ ಯಾವ ಲೆಕ್ಕ?

ಏರ್ ರೈಫಲ್‌ನಲ್ಲಿ ಮದ್ದಿನ ಕೆಲಸವನ್ನು ಗಾಳಿ ಮಾಡುತ್ತದೆ. ಆ ಗಾಳಿಯ ಒತ್ತಡವನ್ನು ಕಂಪನಿಯವರೇ ಹೊಂದಿಸಿ ಕೊಟ್ಟಿರುತ್ತಾರೆ. ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವ ಮುಖ್ಯ ಆಯ್ಕೆ ಒಂದೇ, ಪೆಲೆಟ್. ನಮ್ಮ ಕಡೆ ಹಿರಿಯರು ಛರ್ರಾ ಅನ್ನುತ್ತಾರಲ್ಲ, ಅದೇ. 0.177 ಇಂಚು, ಅಂದರೆ 4.5 ಮಿಲಿಮೀಟರ್ ಅಳತೆಯ, 20 ಜೂಲ್ ಒಳಗಿನ ಶಕ್ತಿಯ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಬೇಕು. ಸ್ಪರ್ಧೆಯ ರೈಫಲ್‌ನ ಶಕ್ತಿ ಎಷ್ಟಿರುತ್ತದೆ ಗೊತ್ತಾ? 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 7.7 ಜೂಲ್, ಅಷ್ಟೇ. ರೈಫಲ್ ಕೊಂಡ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹಕ್ಕಿ, ನವಿಲು, ಮೊಲದ ಮೇಲೆ ಗುರಿ ಇಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಾನು ಕಲಿಸುವ ಹುಡುಗರಲ್ಲಿ ಒಬ್ಬರು ಹಾಗೆ ಮಾಡಿದರೂ ಅವತ್ತಿಗೇ ಅವರ ಅಭ್ಯಾಸ ಮುಗಿಯಿತು.

ಒಂದು ಮಿಲಿಮೀಟರಿಗೆ ಎಷ್ಟು ಬೆಲೆ?

ಈ ಲೆಕ್ಕ ಗೊತ್ತಿಲ್ಲದೆ ಪೆಲೆಟ್ ಪರೀಕ್ಷೆಗೆ ಕೂರಬೇಡಿ. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಸಣ್ಣದು. ಒಂಬತ್ತರ ಉಂಗುರ 5.5 ಮಿ.ಮೀ., ಕಪ್ಪು ಭಾಗ ಪೂರ್ತಿ 30.5 ಮಿ.ಮೀ., ಇಡೀ ಗುರಿ 45.5 ಮಿ.ಮೀ. ಪೆಲೆಟ್ಟಿನ ಅಂಚು ಚುಕ್ಕೆಯನ್ನು ತಾಗಿದರೂ ಹತ್ತು ಸಿಗುತ್ತದೆ. ಪೆಲೆಟ್ 4.5 ಮಿ.ಮೀ. ಇರುವುದರಿಂದ ಅದರ ನಡುಬಿಂದು ಗುರಿಯ ನಡುವಿನಿಂದ 2.5 ಮಿ.ಮೀ. ದೂರ ಇದ್ದರೂ 10.0. ಅಲ್ಲಿಂದ ಒಳಗೆ ಪ್ರತಿ ಕಾಲು ಮಿಲಿಮೀಟರಿಗೆ 0.1 ಅಂಕ ಏರುತ್ತಾ 10.9ರವರೆಗೆ ಹೋಗುತ್ತದೆ.

ಅಂದರೆ ಒಂದು ಮಿಲಿಮೀಟರ್ ಆಚೆ ಈಚೆ ಆದರೆ 0.4 ಅಂಕ. 2016ರ ರಿಯೋ ಒಲಿಂಪಿಕ್ಸ್ ನೆನಪಿದೆಯಾ? 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದ ಅಭಿನವ್ ಬಿಂದ್ರಾ ಅಲ್ಲಿ ನಾಲ್ಕನೇ ಸ್ಥಾನಕ್ಕೆ ನಿಂತರು. ಸಮಬಲ ಆಗಿ, ಒಂದೇ ಒಂದು ಗುಂಡಿನ ತೀರ್ಮಾನಕ್ಕೆ ಹೋಯಿತು. ಅವರದು 10.0, ಎದುರಾಳಿಯದು 10.5. ಗುರಿಯ ಮೇಲೆ ಅದು ಒಂದೂಕಾಲು ಮಿಲಿಮೀಟರ್.

ಆದರೆ ಇದನ್ನು ಓದಿ ಇವತ್ತೇ ದುಬಾರಿ ಡಬ್ಬಿ ತರಿಸಲು ಹೊರಡಬೇಡಿ. ಇಲ್ಲೊಂದು ಮಾತು ಇದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಕೈಯ ಅಲುಗಾಟ ಮತ್ತು ಪೆಲೆಟ್ಟಿನ ಚದುರುವಿಕೆ ಸುಮ್ನೆ ಒಂದಕ್ಕೊಂದು ಕೂಡುವುದಿಲ್ಲ. ಎರಡರ ವರ್ಗ ಕೂಡಿ, ಅದರ ವರ್ಗಮೂಲ ತೆಗೆಯಬೇಕು. ಹೊಸಬರ ಕೈ 12 ಮಿ.ಮೀ. ಅಗಲಕ್ಕೆ ಚದುರುತ್ತದೆ ಅಂತ ಇಟ್ಟುಕೊಳ್ಳಿ. 4 ಮಿ.ಮೀ. ಚದುರುವ ಅಗ್ಗದ ಪೆಲೆಟ್ ಹಾಕಿದರೆ ಒಟ್ಟು 12.6. ಒಂದೇ ಮಿ.ಮೀ. ಚದುರುವ ಒಳ್ಳೆಯ ಪೆಲೆಟ್ ಹಾಕಿದರೆ 12.0. ಲಾಭ ಅರ್ಧ ಮಿಲಿಮೀಟರ್ ಚಿಲ್ಲರೆ. ಅದೇ, ಕೈ 5 ಮಿ.ಮೀ.ಗೆ ಬಂದು ನಿಂತವರಿಗೆ ಅಗ್ಗದ ಪೆಲೆಟ್ಟಿನಲ್ಲಿ 6.4, ಒಳ್ಳೆಯದರಲ್ಲಿ 5.1. ಇಲ್ಲಿ ಲಾಭ ಎರಡು ಪಟ್ಟು. ಹಾಗಾಗಿ ಮೊದಲ ಆರು ತಿಂಗಳು ಮಕ್ಕಳಿಗೆ ಸಾಧಾರಣ ಪೆಲೆಟ್ ಸಾಕು. ಕೈ ಕುದುರಿದ ಮೇಲೆ ಈ ಪರೀಕ್ಷೆಗೆ ಬನ್ನಿ. ತಂದೆ ತಾಯಿಯರು ಇದನ್ನು ದಯವಿಟ್ಟು ಗಮನಿಸಬೇಕು. ತೊಗರಿ ಮಾರಿದ ದುಡ್ಡಲ್ಲಿ ಮಗಳಿಗೆ ರೈಫಲ್ ಕೊಡಿಸಿದ ಮನೆ ನನಗೆ ಗೊತ್ತು. ಆ ದುಡ್ಡು ಬೇಡದ ಡಬ್ಬಿಗೆ ಹೋಗಬಾರದು.

ಡಬ್ಬಿ ಬಿಚ್ಚಿ ಒಂದು ಪೆಲೆಟ್ ಕೈಗೆ ತಗೊಳ್ಳಿ

ಬೆಳಕಿಗೆ ಹಿಡಿದು ನೋಡಿ. ನಡು ಸಣ್ಣ, ಎರಡು ತುದಿ ಅಗಲ, ಡಮರುಗದ ಹಾಗೆ. ಮುಂದಿನದು ತಲೆ. ಹಿಂದಿನ ಟೊಳ್ಳು ಭಾಗವನ್ನು ಸ್ಕರ್ಟ್ ಅನ್ನುತ್ತೇವೆ. ಗಾಳಿ ಹಿಂದಿನಿಂದ ನುಗ್ಗಿದಾಗ ಸ್ಕರ್ಟ್ ಅರಳಿ ನಳಿಕೆಯ ಗೋಡೆಗೆ ಒತ್ತಿಕೊಳ್ಳುತ್ತದೆ, ಗಾಳಿ ಸೋರದಂತೆ ತಡೆಯುತ್ತದೆ. ಸ್ಪರ್ಧೆಯ ಪೆಲೆಟ್ಟಿನ ತಲೆ ಚಪ್ಪಟೆ. ಅದು ಕಾಗದವನ್ನು ಪಂಚಿಂಗ್ ಯಂತ್ರದ ಹಾಗೆ ದುಂಡಗೆ ಕತ್ತರಿಸುತ್ತದೆ, ಅಂಕ ನೋಡುವುದು ಸುಲಭ. ದುಂಡು ತಲೆಯವು ದೂರದ ಗುರಿಗೆ. ಚೂಪು ತಲೆಯವು ನಮ್ಮ ಕೆಲಸಕ್ಕೆ ಬೇಡ.

ಡಬ್ಬಿಯ ಮೇಲೆ ಮೂರು ವಿಷಯ ಓದಿ. ಒಂದು, ತೂಕ. ರೈಫಲ್‌ಗೆ ಸಾಮಾನ್ಯವಾಗಿ 0.53 ಗ್ರಾಂ, ಅದಕ್ಕಿಂತ ಹಗುರವಾದವು ಪಿಸ್ತೂಲಿಗೆ. ಎರಡು, ತಲೆಯ ಅಳತೆ: 4.49, 4.50, 4.51 ಹೀಗೆ. ಎಲ್ಲ ಡಬ್ಬಿಯ ಮೇಲೂ ಇದು ಇರುವುದಿಲ್ಲ, ಸ್ಪರ್ಧೆಯ ದರ್ಜೆಯದರ ಮೇಲೆ ಇರುತ್ತದೆ. ಮೂರು, ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಪೆಲೆಟ್ಟುಗಳ ತಂಡಕ್ಕೆ ಕಂಪನಿ ಕೊಟ್ಟ ನಂಬರ್. ಜಾಸ್ತಿ ಜನ ನೋಡದೇ ಬಿಡುವುದು ಇದನ್ನೇ. ಒಂದೇ ಹೆಸರು, ಒಂದೇ ಅಳತೆ, ಒಂದೇ ಬಣ್ಣದ ಡಬ್ಬಿ ಇದ್ದರೂ ಲಾಟ್ ಬೇರೆ ಆದರೆ ಒಳಗಿನದು ಬೇರೆ ಅಚ್ಚಿನಿಂದ ಬಂದಿರಬಹುದು. ಅದನ್ನು ಬೇರೆ ಪೆಲೆಟ್ ಅಂತಲೇ ತಿಳಿಯಿರಿ.

ಒಳ್ಳೆಯ ಹೆಸರುಗಳು ಹೇಳಿ ಅಂದರೆ ಜರ್ಮನಿಯ ಆರ್‌ಡಬ್ಲ್ಯೂಎಸ್ ಆರ್10 ಮತ್ತು ಮೈಸ್ಟರ್‌ಕುಗೆಲ್ನ್, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಚೆಕ್ ದೇಶದ ಜೆಎಸ್‌ಬಿ, ಇವನ್ನು ದೊಡ್ಡ ಸ್ಪರ್ಧೆಗಳಲ್ಲಿ ಬಳಸುತ್ತಾರೆ. ಇವೆಲ್ಲ ಪರೀಕ್ಷೆಗೆ ಕರೆಯಬೇಕಾದ ಅಭ್ಯರ್ಥಿಗಳು. ಆಯ್ಕೆ ಆದವರಲ್ಲ.

ಈಗ ಬಿಳಿ ಕಾಗದದ ಮೇಲೆ ಒಂದಿಷ್ಟು ಪೆಲೆಟ್ ಮೆಲ್ಲಗೆ ಸುರಿಯಿರಿ. ಡಬ್ಬಿಯಿಂದ ದಬದಬ ಸುರಿಯಬಾರದು, ಸೀಸ ಮೆದು. ಒಂದೊಂದರ ಸ್ಕರ್ಟ್ ನೋಡಿ. ಅಂಚು ಒಳಕ್ಕೆ ಬಾಗಿದ್ದರೆ, ತಲೆಯಲ್ಲಿ ಗೀರು ಇದ್ದರೆ, ಒಳಗೆ ಸೀಸದ ಚೂರು ಸಿಕ್ಕಿಕೊಂಡಿದ್ದರೆ ಬದಿಗಿಡಿ. ನಮ್ಮ ಊರಿಗೆ ಪೆಲೆಟ್ ಬರುವುದು ಕೊರಿಯರ್‌ನಲ್ಲಿ. ಒಮ್ಮೆ ನನಗೆ ಬಂದ ಡಬ್ಬಿಯ ಮೂಲೆ ಜಜ್ಜಿತ್ತು. ಪರವಾಗಿಲ್ಲ ಅಂತ ಹಾಗೇ ಬಳಸಿದೆ. ವಾರ ಪೂರ್ತಿ ಹತ್ತು ಗುಂಡಿಗೆ ಒಂದು ಗುಂಡು ಎಡಕ್ಕೆ ಓಡುತ್ತಿತ್ತು. ಟ್ರಿಗರ್ ಎಳೆಯುವುದರಲ್ಲೇ ತಪ್ಪಿದೆ ಅಂದುಕೊಂಡು ವಾರವೆಲ್ಲ ಬೆರಳಿನ ಅಭ್ಯಾಸ ಮಾಡಿದೆ. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದರೆ ಡಬ್ಬಿಯ ಒಂದು ಬದಿಯ ಪೆಲೆಟ್ಟುಗಳ ಸ್ಕರ್ಟ್ ಮೊಟ್ಟೆಯಾಕಾರ ಆಗಿತ್ತು. ಅವತ್ತಿನಿಂದ ಹೊಸ ಡಬ್ಬಿ ಬಂದ ದಿನವೇ ಬಿಚ್ಚಿ ನೋಡುತ್ತೇನೆ, ಜಜ್ಜಿದ್ದರೆ ಫೋಟೋ ತೆಗೆದು ವಾಪಸ್ ಕಳಿಸುತ್ತೇನೆ.

ತೂಕ ಮಾಡಿ ವಿಂಗಡಿಸಬೇಕಾ ಅಂತ ಕೇಳುತ್ತಾರೆ. ಚಿನ್ನದಂಗಡಿಯ ಸಾಮಾನ್ಯ ತಕ್ಕಡಿ 0.01 ಗ್ರಾಂ ತೋರಿಸುತ್ತದೆ, ಇದಕ್ಕೆ ಅದು ಸಾಲದು, ಮಿಲಿಗ್ರಾಂ ತೋರಿಸುವುದು ಬೇಕು. ಇನ್ನು ಲಾಭ ನೋಡಿ. ತೂಕದಲ್ಲಿ 0.005 ಗ್ರಾಂ ವ್ಯತ್ಯಾಸ ಅಂದರೆ ಶೇಕಡಾ ಒಂದು. ಅದರಿಂದ ವೇಗ ಬದಲಾಗುವುದು ಶೇಕಡಾ ಅರ್ಧದಷ್ಟು. ಗುರಿಯಲ್ಲಿ ಏರಿಳಿತ ಮಿಲಿಮೀಟರಿನ ಐದನೇ ಒಂದು ಭಾಗದಷ್ಟೂ ಇಲ್ಲ. ಸ್ಪರ್ಧೆ ದರ್ಜೆಯ ಪೆಲೆಟ್ಟಿಗೆ ಈ ಕೆಲಸ ಬೇಡ ಅಂತ ನನ್ನ ಅಭಿಪ್ರಾಯ. ಕಣ್ಣಿನಿಂದ ಸ್ಕರ್ಟ್ ನೋಡುವುದು ಇದಕ್ಕಿಂತ ಎಷ್ಟೋ ಉಪಯೋಗ. ಅಗ್ಗದ ಪೆಲೆಟ್ಟಿಗೆ ಬೇಕಾದರೆ ಗಾಜಿನ ಉಪಾಯ ಮಾಡಿ. ಗಾಜಿನ ಹಲಗೆಯನ್ನು ಸ್ವಲ್ಪ ಇಳಿಜಾರಾಗಿ ಇಟ್ಟು ಪೆಲೆಟ್ ಉರುಳಿಸಿ. ತಲೆಗಿಂತ ಸ್ಕರ್ಟ್ ಅಗಲ ಇರುವುದರಿಂದ ಅದು ನೇರ ಹೋಗುವುದಿಲ್ಲ, ಬಿಲ್ಲಿನ ಹಾಗೆ ತಿರುಗಿ ಹೋಗುತ್ತದೆ. ಎಲ್ಲವೂ ಒಂದೇ ಜಾಗಕ್ಕೆ ಬಂದು ನಿಂತರೆ ಒಳ್ಳೆಯದು. ಬೇರೆ ದಾರಿ ಹಿಡಿದವನ್ನು ತೆಗೆದು ಅಭ್ಯಾಸದ ಡಬ್ಬಿಗೆ ಹಾಕಿ.

ಸೀಸ ವಿಷ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಪೆಲೆಟ್ಟನ್ನು ತುಟಿಯಲ್ಲಿ ಇಟ್ಟುಕೊಂಡು ಲೋಡ್ ಮಾಡುವ ಹುಡುಗರಿದ್ದಾರೆ, ಕಂಡ ಕೂಡಲೇ ಬಿಡಿಸಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಹಾ ಕುಡಿಯಬಾರದು, ಮಂಡಾಳ ಒಗ್ಗರಣೆ ತಿನ್ನಬಾರದು. ಗುರಿ ಪೆಟ್ಟಿಗೆಯ ಸುತ್ತ ಬಿದ್ದ ಪುಡಿಯನ್ನು ಕಸಬರಿಗೆಯಿಂದ ಗುಡಿಸಿದರೆ ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಜಾಗ ಸಿದ್ಧ ಮಾಡಿಕೊಳ್ಳುವುದು

ನಳಿಕೆಯ ತುದಿಯಿಂದ ಗುರಿಗೆ ಸರಿಯಾಗಿ 10 ಮೀಟರ್, ಟೇಪ್ ಹಿಡಿದು ಅಳೆಯಿರಿ. ನಮ್ಮ ಹಳೇ ಮನೆಗಳ ಪಡಸಾಲೆಯಿಂದ ಹಿತ್ತಲ ಬಾಗಿಲವರೆಗೆ ಎಷ್ಟೋ ಕಡೆ ಇಷ್ಟು ಉದ್ದ ಸಿಗುತ್ತದೆ. ಗುರಿಯ ಹಿಂದೆ ಬರೀ ಶಹಾಬಾದ್ ಕಲ್ಲಿನ ಗೋಡೆ ಇರಬಾರದು. ಕಲ್ಲಿಗೆ ಬಡಿದ ಪೆಲೆಟ್ ಚೂರಾಗಿ ಹಿಂದಕ್ಕೆ ಚಿಮ್ಮುತ್ತದೆ. ಗಟ್ಟಿ ಮರದ ಪೆಟ್ಟಿಗೆಗೆ ಹಳೇ ಬಟ್ಟೆ ಒತ್ತಿ ತುಂಬಿ, ಹಿಂಬದಿಗೆ ಉಕ್ಕಿನ ತಗಡು ಕೊಡಿ. ಕಣ್ಣಿಗೆ ಕನ್ನಡಕ ಎಲ್ಲರಿಗೂ ಕಡ್ಡಾಯ, ನೋಡುತ್ತಾ ನಿಂತವರಿಗೂ. ಗುಂಡು ಹೋಗುವ ದಾರಿಗೆ ಯಾವ ಬಾಗಿಲೂ ತೆರೆಯಬಾರದು. ಇದ್ದರೆ ಚಿಲಕ ಹಾಕಿ, ಮನೆಯವರಿಗೆ ಹೇಳಿ.

ಸಮಯ ಬೆಳಗ್ಗೆ ಆರರಿಂದ ಎಂಟು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿದ ಕೈ, ಸುಸ್ತಾದ ಕಣ್ಣು ಇಟ್ಟುಕೊಂಡು ಯಾವ ಪರೀಕ್ಷೆಯೂ ಆಗಲ್ಲ. ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತುವ ಸ್ಪ್ರಿಂಗ್ ಗನ್ನಿನೊಳಗಿನ ಗ್ರೀಸ್ ಕೂಡ ಬಿಸಿಗೆ ತೆಳುವಾಗುತ್ತದೆ, ವೇಗ ಬದಲಾಗುತ್ತದೆ. ಕೂಲರ್, ಫ್ಯಾನ್ ಬಂದ್ ಮಾಡಿ. ಪಕ್ಕದಿಂದ ಬೀಸುವ ಕೂಲರ್ ಗಾಳಿ ಪೆಲೆಟ್ಟನ್ನು ಸರಿಸುತ್ತದೆ. ಅರ್ಧ ಗ್ರಾಂ ಸೀಸ ಅದು, ಬಂಡೆಗಲ್ಲಲ್ಲ.

ಮೊದಲೇ ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಇರುವ ರೈಫಲ್ (ಇದಕ್ಕೆ ಪಿಸಿಪಿ ಅನ್ನುತ್ತಾರೆ) ಆದರೆ ಒತ್ತಡದ ಮೀಟರ್ ನೋಡಿಕೊಳ್ಳಿ. ಸ್ಪರ್ಧೆಯ ರೈಫಲ್‌ಗಳಲ್ಲಿ 200 ಬಾರ್‌ವರೆಗೆ ತುಂಬುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಮುಳ್ಳು ಹಸಿರು ಪಟ್ಟಿಯೊಳಗೇ ಇರಬೇಕು. ಸಿಲಿಂಡರ್ ಮೇಲೆ ಬರೆದ ಅವಧಿ ಮುಗಿದಿದ್ದರೆ ತುಂಬಲೇಬೇಡಿ, ಸ್ಪರ್ಧೆಯಲ್ಲೂ ಅದನ್ನು ಒಪ್ಪುವುದಿಲ್ಲ. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡುವುದು ಅಪಾಯ. ಸೂಪರ್ ಮಾರ್ಕೆಟ್‌ನಲ್ಲಿ ಹತ್ತು ನಿಮಿಷದ ಕೆಲಸ ಅಂತ ಹೋಗಿ ಒಂದು ತಾಸು ಆಗುತ್ತದೆ, ಅಲ್ವಾ? ಸಿಲಿಂಡರ್ ಮನೆಯಲ್ಲೇ ಇರಲಿ.

ಬಂದೂಕನ್ನು ಕೂರಿಸುವುದು

ಪೆಲೆಟ್ ಪರೀಕ್ಷೆಯಲ್ಲಿ ಕೈಯ ತಪ್ಪು ಸೇರಬಾರದು. ಹಾಗಾಗಿ ನಿಂತು ಹೊಡೆಯುವುದಲ್ಲ. ಪಿಸಿಪಿ ರೈಫಲ್ ಆದರೆ ಗಟ್ಟಿ ಮೇಜಿಗೆ ಬಿಗಿದ ಹಿಡಿಕೆಯಲ್ಲಿ ಕೂರಿಸಬಹುದು. ನಳಿಕೆಯನ್ನು ಹಿಡಿಕೆ ಒತ್ತಬಾರದು, ಸ್ಟಾಕನ್ನು, ಅಂದರೆ ಹೆಗಲಿಗೆ ಆನಿಸುವ ಭಾಗವನ್ನು, ಮಾತ್ರ ಹಿಡಿಯಬೇಕು. ಹಿಡಿಕೆ ಇಲ್ಲದವರು ಮರಳು ಚೀಲ ಮಾಡಿಕೊಳ್ಳಿ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಣ ಮರಳು ತುಂಬಿ ಹೊಲಿಸಿ. ಮುಂದೆ ಒಂದು, ಹಿಂದೆ ಒಂದು. ಜೋಳ ತುಂಬಿದವರೂ ಇದ್ದಾರೆ, ಆದರೆ ನುಸಿ ಬೀಳುತ್ತದೆ, ಬೇಡ.

ಸ್ಪ್ರಿಂಗ್ ಗನ್ನಿನ ಕಥೆ ಬೇರೆ. ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ಮುಂದಕ್ಕೆ ಓಡಿ ಬಡಿಯುತ್ತದೆ. ಪೆಲೆಟ್ ನಳಿಕೆಯಲ್ಲಿ ಇರುವಾಗಲೇ ಬಂದೂಕು ಅಲುಗಾಡುತ್ತದೆ. ಅದನ್ನು ಬಿಗಿಯಾಗಿ ಕಟ್ಟಿದರೆ ಪ್ರತಿ ಸಲ ಬೇರೆ ಥರ ಒದೆಯುತ್ತದೆ, ಗುಂಡು ಚದುರುತ್ತದೆ. ಅಂಗೈ ತೆರೆದು ಚೀಲದ ಮೇಲಿಟ್ಟು, ಅಂಗೈ ಮೇಲೆ ಸ್ಟಾಕನ್ನು ಸುಮ್ನೆ ಕೂರಿಸಿ. ಬಿಗಿ ಹಿಡಿಯಬೇಡಿ. ಅದು ತನಗೆ ಬೇಕಾದಷ್ಟು ಅಲುಗಾಡಲಿ, ಆದರೆ ಪ್ರತಿ ಸಲವೂ ಒಂದೇ ಥರ ಅಲುಗಾಡಲಿ. ಸ್ಪ್ರಿಂಗ್ ಗನ್ನನ್ನು ಪೆಲೆಟ್ ಇಲ್ಲದೆ ಖಾಲಿ ಹೊಡೆಯಬಾರದು. ತಡೆಯಲು ಏನೂ ಇಲ್ಲದೆ ಪಿಸ್ಟನ್ ನೇರ ಲೋಹಕ್ಕೆ ಬಡಿದು ಹಾಳಾಗುತ್ತದೆ.

ನಳಿಕೆ ಸ್ವಚ್ಛ ಮಾಡುವುದಾದರೆ ಪರೀಕ್ಷೆಗೆ ಮೊದಲು ಒಮ್ಮೆ, ಆಮೇಲೆ ಮುಟ್ಟಬೇಡಿ. ಲೋಹದ ಬ್ರಶ್ ಹಾಕಬಾರದು. ಒಣ ಫೆಲ್ಟ್ ಅಥವಾ ಮೆತ್ತನೆ ಹತ್ತಿ ಬಟ್ಟೆ ಸಾಕು. ಸ್ವಚ್ಛ ಮಾಡಿದ ನಳಿಕೆ ಕೂಡಲೇ ಸರಿಯಾಗಿ ಹೊಡೆಯುವುದಿಲ್ಲ. ಒಳಗೆ ಸೀಸದ ತೆಳು ಪದರ ಕೂರಬೇಕು. ಪೆಲೆಟ್ ಬದಲಿಸಿದಾಗಲೂ ಹಾಗೇ. ಪ್ರತಿ ಬದಲಾವಣೆಗೆ ಕನಿಷ್ಠ ಹತ್ತು ಗುಂಡು ಬೇರೆ ಕಾಗದಕ್ಕೆ ಹೊಡೆದು ಬಿಟ್ಟುಬಿಡಿ. ದುಡ್ಡು ಉಳಿಸಲು ಇದನ್ನು ಬಿಟ್ಟರೆ ಹಿಂದಿನ ಪೆಲೆಟ್ಟಿನ ತಪ್ಪನ್ನು ಮುಂದಿನದರ ತಲೆಗೆ ಕಟ್ಟಿದ ಹಾಗಾಗುತ್ತದೆ.

ಹೊಡೆಯುವ ಕ್ರಮ

ನಾಲ್ಕು ಡಬ್ಬಿ ಇವೆ ಅಂದುಕೊಳ್ಳಿ. ಮನೆಯವರಲ್ಲಿ ಯಾರನ್ನಾದರೂ ಕರೆಯಿರಿ. ನಾಲ್ಕು ಪೇಪರ್ ಕಪ್ಪಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಅಂತ ಬರೆದು, ಯಾವ ಕಪ್ಪಿಗೆ ಯಾವ ಡಬ್ಬಿ ಅನ್ನುವುದು ನಿಮಗೆ ಗೊತ್ತಾಗದ ಹಾಗೆ ಅವರು ತುಂಬಲಿ, ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಲಿ. ಇದು ಮಕ್ಕಳಾಟ ಅಲ್ಲ. ದುಬಾರಿ ಡಬ್ಬಿ ಅಂತ ಗೊತ್ತಿದ್ದರೆ ಕೈ ಇನ್ನಷ್ಟು ಜೋಪಾನ ಮಾಡುತ್ತದೆ. ಅಗ್ಗದ್ದು ಅಂದ ಕೂಡಲೇ ಕೈ ಸಡಿಲ ಆಗುತ್ತದೆ. ನನಗೂ ಆಗುತ್ತದೆ, ನಿಮಗೂ ಆಗುತ್ತದೆ.

ಮೊದಲ ಸುತ್ತು: ಒಂದನೇ ಕಪ್ಪಿನಿಂದ ಹತ್ತು ಗುಂಡು ನಳಿಕೆ ಪಳಗಲು, ಆಮೇಲೆ ಹತ್ತು ಗುಂಡಿನ ಎರಡು ಗ್ರೂಪ್ (ಒಂದೇ ಕಾಗದಕ್ಕೆ ಹೊಡೆದ ಗುಂಡುಗಳ ಗುಂಪು), ಎರಡು ಬೇರೆ ಕಾಗದಕ್ಕೆ. ಹಾಗೇ ಎರಡು, ಮೂರು, ನಾಲ್ಕು. ಮರುದಿನ ಬೆಳಗ್ಗೆ ಎರಡನೇ ಸುತ್ತು ತಲೆಕೆಳಗು: ನಾಲ್ಕು, ಮೂರು, ಎರಡು, ಒಂದು. ಯಾಕೆ ಅಂದರೆ ಕೊನೆಕೊನೆಗೆ ಕಣ್ಣು ದಣಿಯುತ್ತದೆ, ಬಿಸಿಲು ಏರುತ್ತದೆ. ಯಾವಾಗಲೂ ಕೊನೆಗೆ ಬರುವ ಪೆಲೆಟ್ಟಿಗೆ ಅನ್ಯಾಯ ಆಗಬಾರದು. ಒಂದು ಡಬ್ಬಿಯಿಂದ 60 ಪೆಲೆಟ್ ಖರ್ಚಾಗುತ್ತದೆ. 500ರ ಡಬ್ಬಿಯಲ್ಲಿ ಅದು ಹೆಚ್ಚಲ್ಲ.

ಪೆಲೆಟ್ ಕೂರಿಸುವಾಗ ಹೆಬ್ಬೆರಳಿನ ತುದಿಗೆ ಏನು ತಿಳಿಯುತ್ತದೆ ಅನ್ನುವುದನ್ನೂ ಗಮನಿಸಿ. ತಾನಾಗೇ ಜಾರಿ ಒಳಗೆ ಬಿದ್ದರೆ ತಲೆ ಸಣ್ಣದು. ಒತ್ತಿ ಒತ್ತಿ ತುರುಕಬೇಕಾದರೆ ದೊಡ್ಡದು. ಮೆಲ್ಲಗೆ ಒತ್ತಿದಾಗ ಹಿತವಾದ ಬಿಗಿಯಿಂದ ಹೋಗಿ ಕೂರಬೇಕು. ಒಂದೇ ಡಬ್ಬಿಯಲ್ಲಿ ಒಂದು ಸಡಿಲ, ಇನ್ನೊಂದು ಬಿಗಿ ಬಂದರೆ ಅದನ್ನು ಬರೆದುಕೊಳ್ಳಿ. ಹಲವು ಸಲ ಅಳತೆಗೋಲಿಗಿಂತ ಮೊದಲು ಹೆಬ್ಬೆರಳಿಗೇ ವಿಷಯ ಗೊತ್ತಾಗಿರುತ್ತದೆ.

ಸೈಟನ್ನು, ಅಂದರೆ ಗುರಿ ನೋಡುವ ಸಾಧನವನ್ನು, ಪರೀಕ್ಷೆಯ ಮಧ್ಯದಲ್ಲಿ ತಿರುಗಿಸಬೇಡಿ. ಗ್ರೂಪ್ ಎಡಕ್ಕೆ ಬೀಳಲಿ, ಕೆಳಗೆ ಬೀಳಲಿ, ನಮಗೆ ಬೇಕಾಗಿರುವುದು ಅದು ಎಷ್ಟು ಒತ್ತಾಗಿದೆ ಅನ್ನುವುದು ಮಾತ್ರ. ಜಾಗ ಸರಿಪಡಿಸಲು ಸೈಟಿನ ಎರಡು ತಿರುವು ಸಾಕು. ಚದುರಿದ ಗ್ರೂಪನ್ನು ಯಾವ ಸೈಟೂ ಸರಿ ಮಾಡಲ್ಲ.

ಒಂದು ಗುಂಡು ಹೊರಗೆ ಹೋಯಿತು, ಅದನ್ನು ಬಿಟ್ಟು ಅಳೆಯೋಣ ಅನ್ನುವ ಆಸೆ ಬರುತ್ತದೆ. ಬಿಡಬಾರದು. ಟ್ರಿಗರ್ ಎಳೆಯುವಾಗಲೇ ನಿಮ್ಮ ತಪ್ಪು ಅಂತ ಗೊತ್ತಾಗಿ, ಕಾಗದ ನೋಡುವ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಮಾತ್ರ ಆ ಗ್ರೂಪನ್ನು ಪೂರ್ತಿ ಬಿಟ್ಟು ಹೊಸದು ಹೊಡೆಯಿರಿ. ನೋಡಿದ ಮೇಲೆ ನೆಪ ಹೇಳುವ ಹಾಗಿಲ್ಲ. ಸ್ಪರ್ಧೆಯಲ್ಲಿ ಆ ಹೊರಗಿನ ಗುಂಡಿಗೂ ಅಂಕ ಹಾಕುತ್ತಾರೆ.

ಅಳೆಯುವುದು

ವರ್ನಿಯರ್ ಕ್ಯಾಲಿಪರ್ ಬೇಕು. ಗ್ರೂಪಿನ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಿಂದ 4.5 ಕಳೆಯಿರಿ. ಉಳಿದದ್ದು ನಡುವಿನಿಂದ ನಡುವಿಗೆ ಇರುವ ದೂರ. ಉದಾಹರಣೆಗೆ ಹೊರ ಅಂಚು 6.3 ಮಿ.ಮೀ. ಬಂದರೆ ಗ್ರೂಪ್ 1.8. ಒಳ್ಳೆಯ ಸ್ಪರ್ಧೆ ರೈಫಲ್, ಒಪ್ಪುವ ಪೆಲೆಟ್, ಗಟ್ಟಿ ಹಿಡಿಕೆ ಇದ್ದರೆ ಹತ್ತು ಗುಂಡೂ ಸೇರಿ ಒಂದೇ ತೂತಿನ ಹಾಗೆ ಕಾಣುತ್ತವೆ, ಹೊರ ಅಂಚು ಐದೂವರೆಯ ಆಸುಪಾಸು. ಸ್ಪ್ರಿಂಗ್ ಗನ್ನಿನಲ್ಲಿ ಅಷ್ಟು ನಿರೀಕ್ಷೆ ಬೇಡ. ಕಾಗದ ತೆಳುವಾಗಿದ್ದರೆ ಹರಿದು ಅಂಚು ಸಿಗುವುದಿಲ್ಲ, ಟಾರ್ಗೆಟ್ ಕಾರ್ಡನ್ನೇ ಬಳಸಿ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಡಬ್ಬಿಯಿಂದ ಐದೇ ಗುಂಡು ಹೊಡೆದೆ. ಐದೂ ಒಂದೇ ತೂತಿನಲ್ಲಿ. ಇದೇ ನನ್ನ ಪೆಲೆಟ್ ಅಂತ ಅದೇ ಲಾಟಿನ ಎಂಟು ಡಬ್ಬಿ ತರಿಸಿದೆ. ಸ್ಪರ್ಧೆಯ ದಿನ ಅಂಕ ಏರಲಿಲ್ಲ. ಆಮೇಲೆ ಕೂತು ಹತ್ತು ಗುಂಡಿನ ಆರು ಗ್ರೂಪ್ ಹೊಡೆದು ನೋಡಿದಾಗ ಹಳೆಯ ಪೆಲೆಟ್ಟೇ ಇದಕ್ಕಿಂತ ಚೆನ್ನಾಗಿತ್ತು. ಐದು ಗುಂಡು ಅದೃಷ್ಟಕ್ಕೆ ಒಂದೇ ಕಡೆ ಬೀಳಬಹುದು. ಹತ್ತು ಗುಂಡಿನ ಗ್ರೂಪ್ ಸಹಜವಾಗಿಯೇ ಐದರದ್ದಕ್ಕಿಂತ ಸುಮಾರು ಕಾಲು ಭಾಗ ದೊಡ್ಡದಿರುತ್ತದೆ. ಹಾಗಾಗಿ ಒಬ್ಬರ ಐದರ ಗ್ರೂಪಿಗೆ ಇನ್ನೊಬ್ಬರ ಹತ್ತರದ್ದನ್ನು ಹೋಲಿಸುವುದೂ ತಪ್ಪು. ಒಂದೇ ಒಂದು ಚಂದದ ಕಾಗದ ನೋಡಿ ಮರುಳಾಗಬೇಡಿ. ನಾಲ್ಕು ಗ್ರೂಪಿನ ಸರಾಸರಿ ನೋಡಿ, ಜೊತೆಗೆ ನಾಲ್ಕರಲ್ಲಿ ಅತಿ ಕೆಟ್ಟದ್ದು ಎಷ್ಟು ಕೆಟ್ಟದಾಗಿದೆ ನೋಡಿ. 1.2, 1.3, 1.2, 3.0 ಬಂದ ಪೆಲೆಟ್ಟಿಗಿಂತ 1.6, 1.7, 1.6, 1.8 ಬಂದದ್ದನ್ನು ನಾನು ಆರಿಸುತ್ತೇನೆ. ಮೂರು ಸಲ ಖುಷಿ ಕೊಟ್ಟು ನಾಲ್ಕನೇ ಸಲ ಕೈಕೊಡುವುದು ಸ್ಪರ್ಧೆಗೆ ಆಗಲ್ಲ.

ಎರಡು ಪೆಲೆಟ್ಟುಗಳ ಸರಾಸರಿ ಹತ್ತಿರ ಹತ್ತಿರ ಬಂದರೆ, 1.6 ಮತ್ತು 1.7 ಅಂತ ಇಟ್ಟುಕೊಳ್ಳಿ, ಅದು ವ್ಯತ್ಯಾಸವೇ ಅಲ್ಲ. ಅಗ್ಗದ್ದನ್ನು ತಗೊಳ್ಳಿ, ಸುಲಭವಾಗಿ ಸಿಗುವುದನ್ನು ತಗೊಳ್ಳಿ. ಚೀಟಿ ತೆರೆದು ಹೆಸರು ನೋಡುವುದು ಈ ತೀರ್ಮಾನ ಆದ ಮೇಲೆ.

ಗುಂಡುಗಳು ಅಡ್ಡಕ್ಕೆ ಹರಡದೆ ಮೇಲೆ ಕೆಳಗೆ ಉದ್ದಕ್ಕೆ ಹರಡಿದರೆ ವೇಗದಲ್ಲಿ ಏರುಪೇರು ಇದೆ ಅಂತ ಅನುಮಾನಿಸಿ. 10 ಮೀಟರ್ ಹೋಗುವಷ್ಟರಲ್ಲಿ ಪೆಲೆಟ್ ಸುಮಾರು 18 ಮಿ.ಮೀ. ಕೆಳಗೆ ಬೀಳುತ್ತದೆ. ವೇಗ ಸೆಕೆಂಡಿಗೆ 3 ಮೀಟರ್ ಕಡಿಮೆ ಆದರೆ ಇನ್ನೂ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ. ಗೆಳೆಯರ ಹತ್ತಿರ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಹತ್ತು ಗುಂಡು ಅಳೆದು ನೋಡಿ. ಯಾವ ಪೆಲೆಟ್ ಹಾಕಿದರೂ ಏರುಪೇರು ಹಾಗೇ ಇದ್ದರೆ ದೋಷ ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರಿನಲ್ಲೋ ಗಾಳಿ ಸೋರದಂತೆ ತಡೆಯುವ ಸೀಲಿನಲ್ಲೋ ಇದೆ. ಪೆಲೆಟ್ ಬದಲಿಸುತ್ತಾ ಕೂರಬೇಡಿ, ರಿಪೇರಿ ಮಾಡುವವರಿಗೆ ತೋರಿಸಿ.

ಆಯ್ಕೆ ಆದ ಮೇಲೆ

ಅದೇ ಲಾಟ್ ನಂಬರಿನ ಡಬ್ಬಿಗಳು ಇನ್ನೂ ಇವೆಯಾ ಅಂತ ಅಂಗಡಿಗೆ ಅವತ್ತೇ ಫೋನ್ ಮಾಡಿ. ನಂಬರ್ ಓದಿ ಹೇಳಿಸಿ, ಡಬ್ಬಿಯ ಫೋಟೋ ತರಿಸಿಕೊಳ್ಳಿ. ದಿನಕ್ಕೆ ನೂರು ಗುಂಡು, ತಿಂಗಳಿಗೆ 25 ದಿನ ಅಭ್ಯಾಸ ಅಂದರೆ ಐದು ಡಬ್ಬಿ ಬೇಕು. ಎಲ್ಲವನ್ನೂ ಸ್ಪರ್ಧೆಯ ಪೆಲೆಟ್ಟಿನಲ್ಲೇ ಹೊಡೆಯಲು ನಮ್ಮಂಥವರ ಜೇಬಿಗೆ ಕಷ್ಟ. ಅದೇ ತೂಕದ ಕಡಿಮೆ ಬೆಲೆಯದ್ದು ಒಂದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಆರಿಸಿದ ಲಾಟನ್ನು ಸ್ಪರ್ಧೆಗೆ, ಮತ್ತು ಸ್ಪರ್ಧೆಗೆ ಮುಂಚಿನ ಎರಡು ವಾರಕ್ಕೆ ಎತ್ತಿಡಿ. 60 ಗುಂಡಿನ ಸ್ಪರ್ಧೆ, ಅದರ ಮುಂಚೆ ಸೈಟ್ ಹೊಂದಿಸಿಕೊಳ್ಳಲು ಹೊಡೆಯುವ ಗುಂಡು ಎಲ್ಲಾ ಸೇರಿ ನೂರು ಪೆಲೆಟ್ ಹಿಡಿಯಿರಿ. ಹೀಗೆ ಲೆಕ್ಕ ಹಾಕಿದರೆ ಒಂದು ಸ್ಪರ್ಧೆಗೆ ಮೂರು ಡಬ್ಬಿ ಸಾಕಾಗುತ್ತದೆ.

ಡಬ್ಬಿಗಳನ್ನು ನೆರಳಿನಲ್ಲಿ, ತೇವ ಇಲ್ಲದ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಳೆಗಾಲದಲ್ಲಿ ತೇವ ತಾಗಿದ ಸೀಸದ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅಂಥದ್ದನ್ನು ಒರೆಸಿ ಬಳಸಬೇಡಿ, ಆ ಪುಡಿ ಉಸಿರಿಗೆ ಹೋಗುವುದು ಒಳ್ಳೆಯದಲ್ಲ. ತೊಗರಿ ರಾಶಿ ಸಮಯದಲ್ಲಿ ನಮ್ಮ ಊರಿನ ಧೂಳು ಗೊತ್ತಲ್ಲ? ಮುಚ್ಚಳ ತೆರೆದಿಟ್ಟ ಡಬ್ಬಿಗೆ ಆ ಧೂಳು ಬಿದ್ದರೆ ಪೆಲೆಟ್ ಜೊತೆ ನಳಿಕೆಗೂ ಹೋಗುತ್ತದೆ. ಬೇಕಾದಷ್ಟನ್ನು ಸಣ್ಣ ಬಟ್ಟಲಿಗೆ ತಗೊಂಡು ಡಬ್ಬಿ ಮುಚ್ಚಿ.

ಒಂದು ನೋಟ್‌ಬುಕ್ ಇಡಿ. ತಾರೀಖು, ಸಮಯ, ಪೆಲೆಟ್ ಹೆಸರು, ತಲೆಯ ಅಳತೆ, ಲಾಟ್ ನಂಬರ್, ನಾಲ್ಕು ಗ್ರೂಪಿನ ಅಳತೆ, ಹೆಬ್ಬೆರಳಿಗೆ ಹೇಗನ್ನಿಸಿತು ಅನ್ನುವ ಒಂದು ಸಾಲು. ಹೊಡೆದ ಕಾಗದವನ್ನೂ ಆ ಪುಟಕ್ಕೆ ಅಂಟಿಸಿ. ಲಾಟ್ ಮುಗಿಯುತ್ತಾ ಬಂದಾಗ, ಕೊನೆಯ ಡಬ್ಬಿ ತೆರೆಯುವ ದಿನವೇ ಹೊಸ ಲಾಟುಗಳನ್ನು ತರಿಸಿ ಮತ್ತೆ ಇದೇ ಪರೀಕ್ಷೆ ಮಾಡಿ. ಹಳೆಯದರ 60 ಪೆಲೆಟ್ ಕೂಡ ಒಂದು ಕಪ್ಪಿಗೆ ಹಾಕಿಸಿ. ಹೊಸದನ್ನು ಹೋಲಿಸಲು ಅದು ಬೇಕೇ ಬೇಕು.

ಆಳಂದದ ಹುಡುಗ ಎರಡು ಬೆಳಗ್ಗೆ ಕೂತು ಹೀಗೇ ಹೊಡೆದ. ಚೀಟಿ ಅವನ ತಂದೆಯ ಜೇಬಿನಲ್ಲಿತ್ತು. ನಾಲ್ಕರಲ್ಲಿ ಎರಡನೇ ಅಗ್ಗದ ಡಬ್ಬಿ, ತಲೆ 4.50ರದ್ದು, ಅವನ ನಳಿಕೆಗೆ ಕೂಡಿಬಂತು. ತಂದೆ ಚೀಟಿ ತೆರೆದು ಎರಡು ಸಲ ಓದಿದರು. ಆಮೇಲೆ ಡಬ್ಬಿಯನ್ನು ತಿರುಗಿಸಿ, ಕನ್ನಡಕ ಹಾಕಿಕೊಂಡು, ಲಾಟ್ ನಂಬರನ್ನು ತಮ್ಮ ಫೋನಿನಲ್ಲಿ ಬರೆದುಕೊಂಡರು.